ಕಿತ್ತಳೆ ಮತ್ತು ಅದರ ಬಳಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಿತ್ತಳೆ, ಮೋಸಂಬಿ, ನಿಂಬೆ, ಚಕ್ಕೋತ ಒಂದೇ ಬುಟ್ಟಿಯಲ್ಲಿ ಕೂತಿರುತ್ತವೆ. ಆದರೆ ಯಾವುದು ಯಾವುದರ ಮಗು, ಯಾರಿಗೆ ಯಾರು ಅಜ್ಜಿ ಎಂದು ಕೇಳಿದರೆ ತೋಟದವರೂ ಒಂದು ಕ್ಷಣ ತಡವರಿಸುತ್ತಾರೆ. ಈ ನೆಂಟಸ್ತಿಕೆಯ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು. ಕೆಲವಕ್ಕೆ ಸಾಲದು.

ಮ್ಯಾಂಡರಿನ್ ಎಂದರೆ ನಮ್ಮ ಕಿತ್ತಳೆಯೇ?

ಹೌದು. ಕೊಡಗಿನ ಕಿತ್ತಳೆ, ನಾಗಪುರದ ಸಂತ್ರ, ಮೇಘಾಲಯದ ಖಾಸಿ ಕಿತ್ತಳೆ, ಡಾರ್ಜಿಲಿಂಗ್ ಕಿತ್ತಳೆ ಎಲ್ಲವೂ ಮ್ಯಾಂಡರಿನ್‌ಗಳೇ. ಕೈಯಲ್ಲೇ ಸುಲಿಯಬಹುದಾದ ಸಿಪ್ಪೆ, ಸುಲಭವಾಗಿ ಬಿಡಿಬಿಡಿಯಾಗುವ ತೊಳೆ, ತೊಳೆಯ ಮೇಲೆ ಬಲೆಯಂತೆ ಹರಡಿದ ಬಿಳಿ ನಾರು ಇದರ ಗುರುತು. ಸಸ್ಯಶಾಸ್ತ್ರದ ಹೆಸರಾದ ಸಿಟ್ರಸ್ ರೆಟಿಕ್ಯುಲೇಟದಲ್ಲಿರುವ 'ರೆಟಿಕ್ಯುಲೇಟ' ಈ ಬಲೆಯನ್ನೇ ಹೇಳುತ್ತದೆ.

ಸೂಪರ್ ಮಾರುಕಟ್ಟೆಯಲ್ಲಿ ಸ್ಟಿಕ್ಕರ್ ಅಂಟಿಸಿಕೊಂಡು ಬರುವ, ಚಾಕುವಿಲ್ಲದೆ ಸುಲಿಯಲಾಗದ, ಗುಂಡಗಿನ ವಿದೇಶಿ 'ಆರೆಂಜ್' ಬೇರೆ ಹಣ್ಣು. ಅದು ಸಿಹಿ ಕಿತ್ತಳೆ, ನಮ್ಮ ಮೋಸಂಬಿಯ ಗುಂಪಿಗೆ ಸೇರಿದ್ದು.

ಹಾಗಾದರೆ ಕಿತ್ತಳೆ ಸಿಟ್ರಸ್ ಹಣ್ಣೋ, ಅಲ್ಲವೋ?

ಸಿಟ್ರಸ್ ಹಣ್ಣೇ. ಸಿಟ್ರಸ್ ಎನ್ನುವುದು ಒಂದು ಕುಲದ ಹೆಸರು. ನಿಂಬೆ, ಚಕ್ಕೋತ, ಮಾದಲ (ಇಂಗ್ಲಿಷಿನ ಸಿಟ್ರನ್), ಮೋಸಂಬಿ, ಕಿತ್ತಳೆ ಎಲ್ಲವೂ ಅದರೊಳಗಿವೆ. ಈ ಕುಲದ ಹಣ್ಣಿನ ರಚನೆಯೇ ವಿಶಿಷ್ಟ. ಹೊರಗೆ ಎಣ್ಣೆಗ್ರಂಥಿಗಳು ತುಂಬಿದ ಬಣ್ಣದ ಸಿಪ್ಪೆ, ಅದರಡಿ ಬಿಳಿ ಮೆತ್ತನೆಯ ಪದರ, ಒಳಗೆ ತೊಳೆಗಳು. ನಾವು ತಿನ್ನುವ ರಸದ ಎಸಳುಗಳು ತೊಳೆಯ ಒಳಗೋಡೆಯಿಂದ ರೋಮದಂತೆ ಹುಟ್ಟಿ, ರಸ ತುಂಬಿಕೊಂಡು ಉಬ್ಬಿದ ಚೀಲಗಳು. ಒಂದು ತೊಳೆಯ ತೆಳುಪೊರೆಯನ್ನು ಜಾಗ್ರತೆಯಾಗಿ ಬಿಚ್ಚಿ ಬೆಳಕಿಗೆ ಹಿಡಿದರೆ ಪ್ರತಿ ಚೀಲವೂ ಸಣ್ಣ ತೊಟ್ಟಿನಿಂದ ಗೋಡೆಗೆ ಅಂಟಿಕೊಂಡಿರುವುದು ಕಾಣುತ್ತದೆ.

ಕಿತ್ತಳೆ ಎಂಬುದು 'ಆರೆಂಜ್'ನ ಒಂದು ತಳಿ ಎಂದು ಓದಿದ್ದೇನೆ. ಸರಿಯೇ?

ಇಲ್ಲ, ಸಂಬಂಧ ಪೂರ್ತಿ ತಿರುವುಮುರುವಾಗಿದೆ. ಸಿಹಿ ಕಿತ್ತಳೆಯೇ ಮ್ಯಾಂಡರಿನ್‌ನ ಸಂತಾನ.

ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ಸಿಟ್ರಸ್ ಹಣ್ಣುಗಳು ಮೂರು ಮೂಲ ಹಣ್ಣುಗಳ ಬೆರಕೆಯಿಂದ ಹುಟ್ಟಿದವು: ಮ್ಯಾಂಡರಿನ್, ಚಕ್ಕೋತ ಮತ್ತು ಮಾದಲ. ಜೊತೆಗೆ ಪಪೆಡ ಎಂಬ ಕಾಡುಗುಂಪಿನ ಒಂದೆರಡು ಹಣ್ಣುಗಳದೂ ಪಾಲಿದೆ. ಚಕ್ಕೋತಕ್ಕೂ ಮ್ಯಾಂಡರಿನ್‌ಗೂ ಬೆರಕೆಯಾಗಿ ಕಹಿ ಕಿತ್ತಳೆ ಹುಟ್ಟಿತು. ಮಾರ್ಮಲೇಡ್ ಮಾಡುವುದು ಇದರಿಂದ. ಅದೇ ಎರಡು ಹಣ್ಣುಗಳ ನಡುವೆ ಇನ್ನಷ್ಟು ತಿರುವುಗಳ ಬೆರಕೆ ನಡೆದು ಸಿಹಿ ಕಿತ್ತಳೆ ಬಂತು. ಅದರ ವಂಶವಾಹಿಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮ್ಯಾಂಡರಿನ್‌ನದು, ಉಳಿದದ್ದು ಚಕ್ಕೋತದ್ದು. ತಾಯಿಯ ಕಡೆಯಿಂದಷ್ಟೇ ಬರುವ ಹರಿತ್ಕಣದ (ಎಲೆಕೋಶದೊಳಗಿನ ಹಸಿರು ಕಣದ) ಡಿಎನ್‌ಎ ನೋಡಿದರೆ ಎರಡೂ ಕಿತ್ತಳೆಗಳ ತಾಯಿಯ ಕಡೆ ಚಕ್ಕೋತವೇ.

ಇದರಲ್ಲೊಂದು ತಮಾಷೆಯಿದೆ. ಸಿಹಿ ಕಿತ್ತಳೆ ಯುರೋಪಿಗೆ ಹದಿನೈದನೇ ಶತಮಾನದ ಹೊತ್ತಿಗೆ ತಲುಪಿತ್ತು. ಮ್ಯಾಂಡರಿನ್ ಇಂಗ್ಲೆಂಡಿಗೆ ಹೋದದ್ದು 1805ರಲ್ಲಿ, ಚೀನಾದ ಕ್ಯಾಂಟನ್‌ನಿಂದ. ಮಗು ಮೊದಲು ಬಂದು ಹೆಸರು ಮಾಡಿಕೊಂಡಿತ್ತು, ಹೆತ್ತ ಹಣ್ಣು ಹಿಂದಿನಿಂದ ಬಂದು 'ಸಣ್ಣ ಆರೆಂಜ್' ಎನ್ನಿಸಿಕೊಂಡಿತು. ಇಂಗ್ಲಿಷ್ ಪಠ್ಯಗಳಲ್ಲಿ ಇಂದಿಗೂ ಉಳಿದಿರುವ ಗೊಂದಲದ ಬೇರು ಬಹುಶಃ ಇಲ್ಲಿದೆ.

ಮೋಸಂಬಿ ಸಿಹಿ ಕಿತ್ತಳೆ ಎಂದಿರಿ. ಬಣ್ಣವೂ ಇಲ್ಲ, ಹುಳಿಯೂ ಇಲ್ಲವಲ್ಲ?

ಹುಳಿ ತೀರ ಕಡಿಮೆ ಇರುವುದು ಆ ತಳಿಯ ಗುಣ. ಆಂಧ್ರದ ಸಾತ್‌ಗುಡಿ, ವೇಲೆನ್ಸಿಯ, ಹೊಕ್ಕುಳಿರುವ ನೇವಲ್, ಕೆಂಪು ರಸದ ರಕ್ತಕಿತ್ತಳೆ ಎಲ್ಲವೂ ಸಿಹಿ ಕಿತ್ತಳೆಗಳೇ. ಸ್ವಾರಸ್ಯವೆಂದರೆ ಇವು ಒಂದಕ್ಕೊಂದು ಬೆರೆತು ಹುಟ್ಟಿದವಲ್ಲ. ಒಂದೇ ಮೂಲ ಮರದಿಂದ ಕಸಿಯಲ್ಲೋ ಬೀಜದಲ್ಲೋ ಮುಂದುವರಿದು, ನಡುನಡುವೆ ಯಾವುದೋ ಕೊಂಬೆಯಲ್ಲಿ ತಾನಾಗಿ ಆದ ಬದಲಾವಣೆಗಳನ್ನು ಜನ ಆರಿಸಿಕೊಂಡು ಉಳಿಸಿದ ರೂಪಗಳು. ಕಿತ್ತಳೆಗಳಲ್ಲಿ ಹಾಗಲ್ಲ. ಅವುಗಳೊಳಗೆ ನಿಜವಾದ ವೈವಿಧ್ಯವಿದೆ.

ನಿಂಬೆಯಲ್ಲೂ ಕಿತ್ತಳೆಯ ರಕ್ತ ಇದೆಯೇ?

ಯಾವ ನಿಂಬೆ ಎನ್ನುವುದರ ಮೇಲೆ ನಿಂತಿದೆ. 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ವಿಜಯಪುರ ಜಿಲ್ಲೆಯ ಇಂಡಿ ನಿಂಬೆಯೂ ಸೇರಿ ನಾವು ದಿನಾ ಹಿಂಡುವ ತೆಳುಸಿಪ್ಪೆಯ ಕಾಗದಿ ನಿಂಬೆ, ಮಾದಲಕ್ಕೂ ಮೈಕ್ರಾಂತ ಎಂಬ ಪಪೆಡಕ್ಕೂ ಹುಟ್ಟಿದ್ದು. ಅದರಲ್ಲಿ ಕಿತ್ತಳೆಗೆ ಪಾಲಿಲ್ಲ.

ಪಾಶ್ಚಾತ್ಯ ಅಡುಗೆಯ ಹಳದಿ, ತೊಟ್ಟುಮೂತಿಯ ಲೆಮನ್ ಬೇರೆ. ಅದು ಕಹಿ ಕಿತ್ತಳೆಗೂ ಮಾದಲಕ್ಕೂ ಹುಟ್ಟಿದ್ದು. ಕಹಿ ಕಿತ್ತಳೆಯ ಮೂಲಕ ಮ್ಯಾಂಡರಿನ್ ಅದಕ್ಕೆ ಅಜ್ಜ. ಇನ್ನು ರಂಗಪುರ ನಿಂಬೆ ಮತ್ತು ಜಂಬೀರಿ ಮ್ಯಾಂಡರಿನ್‌ಗೂ ಮಾದಲಕ್ಕೂ ನೇರವಾಗಿ ಹುಟ್ಟಿದವು. ಹೆಸರು ನಿಂಬೆಯದಾದರೂ ರಂಗಪುರದ ಹಣ್ಣು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಸಿಪ್ಪೆಯೂ ಸಡಿಲ. ತಿನ್ನಲು ಯಾರೂ ಬಯಸದ ಇವೆರಡೂ ನರ್ಸರಿಯಲ್ಲಿ ಬೇಕೇಬೇಕು, ಏಕೆಂದರೆ ನಮ್ಮ ದೇಶದ ಕಸಿ ಕಿತ್ತಳೆ ಗಿಡಗಳು ಹೆಚ್ಚಾಗಿ ನಿಂತಿರುವುದು ಇವುಗಳ ಬೇರಿನ ಮೇಲೆ.

ಕಿನ್ನೋ, ಕ್ಲೆಮೆಂಟೈನ್, ಸತ್ಸುಮ, ಗ್ರೇಪ್‌ಫ್ರೂಟ್ ಎಲ್ಲಿಂದ ಬಂದವು?

ಚಳಿಗಾಲದಲ್ಲಿ ಪಂಜಾಬಿನಿಂದ ಬಂದು ನಮ್ಮ ತಳ್ಳುಗಾಡಿಗಳನ್ನು ತುಂಬುವ, ಬೀಜ ಉಗುಳಿ ಉಗುಳಿ ತಿನ್ನಬೇಕಾದ ಕಿನ್ನೋ, 'ಕಿಂಗ್' ಮತ್ತು 'ವಿಲೋಲೀಫ್' ಎಂಬ ಎರಡು ಮ್ಯಾಂಡರಿನ್‌ಗಳ ಮಗು. ಎಚ್. ಬಿ. ಫ್ರಾಸ್ಟ್ ಎಂಬ ವಿಜ್ಞಾನಿ ಕ್ಯಾಲಿಫೋರ್ನಿಯದ ರಿವರ್‌ಸೈಡ್‌ನಲ್ಲಿ ಮಾಡಿದ ಬೆರಕೆ ಅದು. 1935ರಲ್ಲಿ ಬಿಡುಗಡೆಯಾಯಿತು. ಹುಟ್ಟಿದೂರಿಗಿಂತ ಭಾರತ ಮತ್ತು ಪಾಕಿಸ್ತಾನದ ಪಂಜಾಬುಗಳಲ್ಲಿ ಚೆನ್ನಾಗಿ ನೆಲೆಯೂರಿತು.

ಕ್ಲೆಮೆಂಟೈನ್ ಮ್ಯಾಂಡರಿನ್‌ಗೂ ಸಿಹಿ ಕಿತ್ತಳೆಗೂ ಹುಟ್ಟಿದ್ದು. ಅಂದರೆ ಮ್ಯಾಂಡರಿನ್ ತನ್ನ ಮಗುವಿನೊಂದಿಗೇ ಮತ್ತೆ ಬೆರೆತಿದೆ. ಅಲ್ಜೀರಿಯಾದ ಮಿಸರ್ಗಿನ್‌ನ ಅನಾಥಾಲಯದ ತೋಟದಲ್ಲಿ ಬ್ರದರ್ ಕ್ಲೆಮಾಂ ಕಂಡ ಗಿಡವಾದ್ದರಿಂದ ಆ ಹೆಸರು. ಸತ್ಸುಮ ಜಪಾನಿನದು, ಬೀಜವಿಲ್ಲದ್ದು, ಚಳಿಯನ್ನು ಚೆನ್ನಾಗಿ ತಾಳುವಂಥದ್ದು. ಗ್ರೇಪ್‌ಫ್ರೂಟ್ ಹದಿನೆಂಟನೇ ಶತಮಾನದ ಬಾರ್ಬಡೋಸ್‌ನಲ್ಲಿ ಚಕ್ಕೋತಕ್ಕೂ ಸಿಹಿ ಕಿತ್ತಳೆಗೂ ತಾನಾಗಿ ಹುಟ್ಟಿತು. ಅದರಲ್ಲಿ ಚಕ್ಕೋತ ಎರಡು ಸಲ ಬಂದಿದೆ, ಆ ಕಹಿ ಅದಕ್ಕೇ.

ಇಷ್ಟು ಖಚಿತವಾಗಿ ಹೇಳುವುದು ಹೇಗೆ? ಯಾರೂ ನೋಡಿದವರಿಲ್ಲವಲ್ಲ?

ಮೊದಲು ಎಲೆ, ಹೂವು, ಹಣ್ಣು ನೋಡಿಯೇ ವಿಂಗಡಿಸುತ್ತಿದ್ದರು, ಜಗಳವೂ ಆಗುತ್ತಿತ್ತು. ಅಮೆರಿಕದ ಸ್ವಿಂಗಲ್ ಸಿಟ್ರಸ್ ಕುಲದಲ್ಲಿ 16 ಪ್ರಭೇದಗಳಿವೆ ಎಂದರು. ಜಪಾನಿನ ತನಾಕ 162 ಎಂದರು. ಇಬ್ಬರೂ ನೋಡಿದ್ದು ಅವೇ ಗಿಡಗಳನ್ನು. ಬೆರಕೆ ಹಣ್ಣಿಗೆ ಪ್ರಭೇದದ ಪಟ್ಟ ಕಟ್ಟಬೇಕೋ ಬೇಡವೋ ಎಂಬಲ್ಲೇ ಅಷ್ಟು ಅಂತರ ಬಂದದ್ದು.

ವಂಶವಾಹಿಗಳನ್ನು ಪೂರ್ತಿ ಓದುವ ತಂತ್ರ ಬಂದ ಮೇಲೆ ಚಿತ್ರ ತಿಳಿಯಾಯಿತು. 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಹತ್ತಾರು ಸಿಟ್ರಸ್ ಗಿಡಗಳ ವಂಶವಾಹಿಗಳನ್ನು ಹೋಲಿಸಿ, ಯಾವ ತುಂಡು ಯಾವ ಮೂಲದಿಂದ ಬಂತೆಂದು ಬಿಡಿಸಿ ತೋರಿಸಿತು. ಅದರಲ್ಲಿ ನನಗೆ ಹಿಡಿಸಿದ ಸಂಗತಿ ಬೇರೆ. ನಾವು ಇಂದು ತಿನ್ನುವ ಸಿಹಿ ಮ್ಯಾಂಡರಿನ್‌ಗಳೂ ಶುದ್ಧವಲ್ಲ. ಶುದ್ಧ ಮ್ಯಾಂಡರಿನ್‌ಗಳು ಸಣ್ಣವು, ಬಾಯಿಗಿಡಲಾಗದಷ್ಟು ಹುಳಿ. ಯಾವುದೋ ಕಾಲದಲ್ಲಿ ಚಕ್ಕೋತದ ಅಂಶ ಸ್ವಲ್ಪ ಸೇರಿದ್ದಕ್ಕೂ ಹಣ್ಣು ದಪ್ಪಗಾಗಿ ಹುಳಿ ಇಳಿದದ್ದಕ್ಕೂ ಸಂಬಂಧವಿದೆ.

ಮೂಲ ಎಲ್ಲಿ? ಚೀನಾವೇ?

ಅದೇ ಅಧ್ಯಯನದ ಲೆಕ್ಕದಲ್ಲಿ ಸಿಟ್ರಸ್ ಕುಲ ಸುಮಾರು 80 ಲಕ್ಷ ವರ್ಷಗಳ ಹಿಂದೆ ಹಿಮಾಲಯದ ಆಗ್ನೇಯ ತಪ್ಪಲಿನಿಂದ ಹರಡತೊಡಗಿತು. ಇಂದಿನ ಅಸ್ಸಾಂ, ಉತ್ತರ ಮ್ಯಾನ್ಮಾರ್, ಯುನ್ನಾನ್ ಅಂಚು ಅದು. ಮ್ಯಾಂಡರಿನ್ ಅನ್ನು ತೋಟದ ಬೆಳೆಯಾಗಿ ಬೆಳೆಸಿದ ಹಿರಿಮೆ ಚೀನಾಕ್ಕೆ ಸಲ್ಲಬೇಕು, ಕುಲದ ತವರು ಮಾತ್ರ ನಮ್ಮ ಈಶಾನ್ಯವನ್ನೂ ಒಳಗೊಂಡ ಬೆಟ್ಟಸಾಲು. ಮೇಘಾಲಯದ ಗಾರೋ ಬೆಟ್ಟಗಳಲ್ಲಿ ಸಿಟ್ರಸ್ ಇಂಡಿಕ ಎಂಬ ಕಾಡುಕಿತ್ತಳೆ ಇನ್ನೂ ಇದೆ. ಅದನ್ನು ಉಳಿಸಲೆಂದೇ ನೋಕ್ರೆಕ್‌ನಲ್ಲಿ ಸಿಟ್ರಸ್ ವಂಶವಾಹಿ ರಕ್ಷಿತ ತಾಣ ಮಾಡಿದ್ದಾರೆ.

ತಿಂದ ಕಿತ್ತಳೆಯ ಬೀಜ ಊರಿದರೆ ಅದೇ ಹಣ್ಣು ಬರುತ್ತದೆಯೇ?

ಮಾವಿನ ಅನುಭವದಿಂದ ಎಲ್ಲರೂ 'ಇಲ್ಲ' ಎನ್ನುತ್ತಾರೆ. ಕಿತ್ತಳೆಯಲ್ಲಿ ಉತ್ತರ 'ಬಹುಮಟ್ಟಿಗೆ ಹೌದು'.

ಕೊಡಗಿನ ಕಿತ್ತಳೆಯ ಒಂದು ಬೀಜವನ್ನು ನೀರಲ್ಲಿ ನೆನೆಸಿ, ಹೊರಸಿಪ್ಪೆ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿ ನೋಡಿ. ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಒತ್ತೊತ್ತಾಗಿ ಏಳುವುದುಂಟು. ಹಸಿರು ಛಾಯೆಯ ಬೀಜದಳಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಮಾತ್ರ ಪರಾಗ ಸೇರಿ ಹುಟ್ಟಿದ್ದಿರಬಹುದು. ಉಳಿದವು ಬೀಜದೊಳಗಿನ ತಾಯಿಯ ಅಂಗಾಂಶದಿಂದಲೇ ಹುಟ್ಟಿದ ಭ್ರೂಣಗಳು, ತಂದೆಯಿಲ್ಲದ ಮಕ್ಕಳು. ಅವು ತಾಯಿಮರದ ತದ್ರೂಪಗಳು, ಹೆಚ್ಚಾಗಿ ಗಟ್ಟಿಯಾಗಿ ಬೆಳೆಯುವವೂ ಅವೇ.

ಈ ಗುಣ ಚಕ್ಕೋತ ಮತ್ತು ಮಾದಲಕ್ಕಿಲ್ಲ. ಅವುಗಳ ಬೀಜದಲ್ಲಿ ಒಂದೇ ಭ್ರೂಣ. ಸಿಹಿ ಕಿತ್ತಳೆ, ಕಹಿ ಕಿತ್ತಳೆ, ಗ್ರೇಪ್‌ಫ್ರೂಟ್‌ಗಳಿಗೆ ಇದು ಬಂದದ್ದು ಮ್ಯಾಂಡರಿನ್ ಕಡೆಯಿಂದ. ಸಿಟ್ರಸ್ ಬಳಗಕ್ಕೆ ಮ್ಯಾಂಡರಿನ್ ಕೊಟ್ಟ ದೊಡ್ಡ ಬಳುವಳಿ ಬಣ್ಣವಲ್ಲ, ರುಚಿಯೂ ಅಲ್ಲ, ಇದು. ಆಕಸ್ಮಿಕವಾಗಿ ಹುಟ್ಟಿದ ಒಳ್ಳೆಯ ಬೆರಕೆ ಮುಂದಿನ ಪೀಳಿಗೆಯಲ್ಲಿ ಚದುರಿಹೋಗದೆ ಬೀಜದಲ್ಲೇ ಹಾಗೆಯೇ ಉಳಿಯಿತು. ಕಸಿ ಗೊತ್ತಿಲ್ಲದ ಕಾಲದಲ್ಲೂ ವ್ಯಾಪಾರಿಗಳು ಬೀಜ ಒಯ್ದರೆ ಹಣ್ಣನ್ನೇ ಒಯ್ದಂತಾಯಿತು.

ಅಂದಮಾತ್ರಕ್ಕೆ ಬೀಜದ ಗಿಡಕ್ಕೆ ಕೈಹಾಕಬೇಡಿ. ಫಲಕ್ಕೆ ವರ್ಷಗಟ್ಟಲೆ ಕಾಯಬೇಕು, ಮುಳ್ಳು ಜಾಸ್ತಿ, ಬೇರುಕೊಳೆಗೆ ಬೇಗ ಬಲಿಯಾಗುತ್ತದೆ.

ಕೊಡಗಿನ ಕಿತ್ತಳೆಗೂ ನಾಗಪುರದ್ದಕ್ಕೂ ಏನು ವ್ಯತ್ಯಾಸ? ಕೊಡಗಿನದು ಈಗ ಯಾಕೆ ಕಾಣುವುದಿಲ್ಲ?

ನಾಗಪುರದ್ದು ಜೋಲು ಸಿಪ್ಪೆ, ಹೆಚ್ಚು ಸಿಹಿ. ಕೊಡಗಿನದು ಹಸಿರು ಬೆರೆತ ಹಳದಿ, ಸಿಪ್ಪೆ ತೊಳೆಗೆ ತಕ್ಕಮಟ್ಟಿಗೆ ಬಿಗಿ, ರುಚಿಯಲ್ಲಿ ಹುಳಿಸಿಹಿ, ಕಿತ್ತ ಮೇಲೆ ಹೆಚ್ಚು ದಿನ ಬಾಳುತ್ತದೆ. ನಾನು ಕೊಡಗಿನ ಪಕ್ಷ. ಬರಿಯ ಸಿಹಿ ಬೇಕಿದ್ದರೆ ಸಕ್ಕರೆ ಇದೆ.

ಜಿಐ ಮಾನ್ಯತೆ ಇದ್ದೂ ಈ ಹಣ್ಣು ಅಪರೂಪವಾಗಲು ಕಾರಣ ಒಂದಲ್ಲ. ಇದು ಕಾಫಿ ತೋಟದೊಳಗೆ ಉಪಬೆಳೆಯಾಗಿ ಬೆಳೆದದ್ದು. ಆರೈಕೆ ಕಾಫಿಗೆ, ಕಿತ್ತಳೆಗೆ ಉಳಿದದ್ದು. ಗ್ರೀನಿಂಗ್ ಎಂದು ಕರೆಯುವ ರೋಗ, ಟ್ರಿಸ್ಟೆಜ ವೈರಾಣು, ಮಳೆಗಾಲದ ನೀರು ನಿಂತ ಮಣ್ಣಿನಲ್ಲಿ ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಜೀವಿಯ ಬೇರುಕೊಳೆ ಒಂದರ ಹಿಂದೊಂದು ಬಂದವು. ಸತ್ತ ಮರದ ಜಾಗಕ್ಕೆ ಕಿತ್ತಳೆಯನ್ನೇ ನೆಡುವ ಬದಲು ಕಾಳುಮೆಣಸು ಹಬ್ಬಿಸುವುದು ಲಾಭವೆನಿಸಿತು. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಈ ತಳಿಯ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ. ಮತ್ತೆ ನೆಡುವವರು ಕಸಿಕಡ್ಡಿ ರೋಗಮುಕ್ತ ಮರದ್ದೇ ಎಂದು ಖಾತ್ರಿ ಮಾಡಿಕೊಳ್ಳಲೇಬೇಕು. ಗ್ರೀನಿಂಗ್ ಕಸಿಕಡ್ಡಿಯಲ್ಲೂ ಹರಡುತ್ತದೆ, ಅದಕ್ಕೆ ಮದ್ದಿಲ್ಲ.

ಕರಿಬೇವಿಗೂ ಕಿತ್ತಳೆಗೂ ನೆಂಟಸ್ತಿಕೆ ಅಂತಾರೆ, ನಿಜವೇ?

ನಿಜ. ಕುಲ ಬೇರೆ, ಕುಟುಂಬ ಒಂದೇ: ರೂಟೇಸಿ. ಶಿವನಿಗೆ ಏರಿಸುವ ಬಿಲ್ವ, ರಾಮನವಮಿಯ ಪಾನಕಕ್ಕೆ ಬೀಳುವ ಬೇಲದ ಹಣ್ಣು, ಕರಾವಳಿಯವರ ಸಾರಿನ ಜುಮ್ಮನಕಾಯಿ ಎಲ್ಲವೂ ಇದೇ ಮನೆತನ. ಕಿತ್ತಳೆಯ ಒಂದು ಎಲೆ, ಕರಿಬೇವಿನ ಒಂದು ಎಲೆ ತೆಗೆದುಕೊಂಡು ಬಿಸಿಲಿಗೆ ಹಿಡಿಯಿರಿ. ಎರಡರಲ್ಲೂ ಸೂಜಿಮೊನೆಯಷ್ಟು ಪಾರದರ್ಶಕ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಗ್ರಂಥಿಗಳು, ವಾಸನೆ ಅಲ್ಲಿಂದ ಬರುತ್ತದೆ.

ಚಿಟ್ಟೆಗಳು ಇದನ್ನು ಸಸ್ಯಶಾಸ್ತ್ರಜ್ಞರಿಗಿಂತ ಮೊದಲೇ ಕಂಡುಕೊಂಡಿವೆ. ನಿಂಬೆ ಚಿಟ್ಟೆ ನಿಂಬೆ, ಕಿತ್ತಳೆ, ಕರಿಬೇವು, ಬಿಲ್ವ ಯಾವುದರ ಚಿಗುರಿನ ಮೇಲಾದರೂ ಮೊಟ್ಟೆಯಿಡುತ್ತದೆ. ಹಕ್ಕಿ ಹಿಕ್ಕೆಯಂತೆ ಕಾಣುವ ಎಳೆಯ ಹುಳುವನ್ನು ಕರಿಬೇವಿನ ಗಿಡದಲ್ಲಿ ನೀವೂ ನೋಡಿರುತ್ತೀರಿ. ತಲೆನೋವು ತರುವ ನೆಂಟನೂ ಒಬ್ಬನಿದ್ದಾನೆ. ಗ್ರೀನಿಂಗ್ ರೋಗ ಹೊರುವ ಸಿಲ್ಲ ಎಂಬ ಪುಟ್ಟ ಕೀಟ ಕರಿಬೇವಿನ ಮೇಲೂ ವೃದ್ಧಿಯಾಗುತ್ತದೆ. ಕಿತ್ತಳೆ ತೋಟದ ಬದಿಯಲ್ಲಿ ಕರಿಬೇವಿನ ಸಾಲು ಒಳ್ಳೆಯದಲ್ಲ.

ಹೇರಳೆ, ಕಂಚಿ, ದೊಡ್ಲಿ, ಮಾದಲ, ಕೈಪುಳಿ: ಇವು ಯಾವುವು?

ಇಲ್ಲಿ ಹೆಸರನ್ನು ನಂಬಬೇಡಿ. ಒಂದೂರಿನ ಹೇರಳೆ ಇನ್ನೊಂದೂರಿನ ಕಂಚಿ. ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ ಯಾವುದಾದರೂ ನಡೆಯುತ್ತದೆ, ಆದ್ದರಿಂದ ಅಡುಗೆಮನೆಯಲ್ಲಿ ಯಾರಿಗೂ ತಗಾದೆಯಿಲ್ಲ. ಗುರುತು ಬೇಕೇಬೇಕೆಂದರೆ ಎಲೆ ಕಿತ್ತು ತೊಟ್ಟು ನೋಡಿ. ಚಕ್ಕೋತದ ತೊಟ್ಟಿನ ಎರಡೂ ಬದಿಗೆ ಅಗಲವಾದ ರೆಕ್ಕೆ ಇರುತ್ತದೆ, ದೊಡ್ಡ ಎಲೆಯ ಕೆಳಗೆ ಚಿಕ್ಕ ಎಲೆ ಜೋಡಿಸಿದಂತೆ. ಕಹಿ ಕಿತ್ತಳೆಗೆ ಅದಕ್ಕಿಂತ ಸಣ್ಣ ರೆಕ್ಕೆ, ಮ್ಯಾಂಡರಿನ್‌ಗೆ ಬರೀ ಗೆರೆಯಷ್ಟು. ಮಾದಲಕ್ಕೆ ರೆಕ್ಕೆಯೇ ಇಲ್ಲ, ತೊಟ್ಟಿಗೂ ಎಲೆಗೂ ನಡುವೆ ಗೆಣ್ಣೂ ಸ್ಪಷ್ಟವಿಲ್ಲ. ಕಾಯಿ ಕೊಯ್ದಾಗ ಬಿಳಿ ತಿರುಳೇ ಮುಕ್ಕಾಲು ಪಾಲು ಇದ್ದು ರಸ ಹೆಸರಿಗಷ್ಟೇ ಇದ್ದರೆ ಅದರಲ್ಲಿ ಮಾದಲದ ಅಂಶ ಜೋರಾಗಿದೆ.

ಹಸಿರಾಗಿರುವ ಕಿತ್ತಳೆ ಮಾಗಿಲ್ಲವೆಂದೇ?

ಅಲ್ಲ. ರಾತ್ರಿ ಚಳಿ ಬಿದ್ದರೆ ಸಿಪ್ಪೆಯ ಹಸಿರು ಕರಗಿ ಅಡಿಯ ಬಣ್ಣ ಹೊರಬರುತ್ತದೆ. ಬೆಚ್ಚಗಿನ ಊರಲ್ಲಿ ಒಳಗೆ ಪೂರ್ತಿ ಮಾಗಿದ್ದರೂ ಹೊರಗೆ ಹಸಿರು ಉಳಿಯಬಹುದು. ಎಥಿಲೀನ್ ಅನಿಲದ ಕೋಣೆಯಲ್ಲಿಟ್ಟು ಬಣ್ಣ ಬರಿಸುವ ರೂಢಿಯೂ ಇದೆ. ಅದರಿಂದ ಸಿಪ್ಪೆ ಬದಲಾಗುತ್ತದೆಯೇ ಹೊರತು ಸಿಹಿಯಲ್ಲ. ಸಿಟ್ರಸ್ ಹಣ್ಣು ಕಿತ್ತ ಮೇಲೆ ಬಾಳೆಯಂತೆ ಹಣ್ಣಾಗುವುದಿಲ್ಲ. ಹುಳಿ ಕಿತ್ತಳೆಯನ್ನು ಅಕ್ಕಿಡಬ್ಬದಲ್ಲಿ ಹೂತಿಟ್ಟು ಪ್ರಯೋಜನವಿಲ್ಲ.

ಕಿತ್ತಳೆ ರಸ ಸ್ವಲ್ಪ ಹೊತ್ತಿಟ್ಟರೆ ಕಹಿಯಾಗುವುದೇಕೆ?

ಹಣ್ಣಿನೊಳಗೆ ರುಚಿಯಿಲ್ಲದ ಒಂದು ವಸ್ತು ಇರುತ್ತದೆ. ಹಿಂಡಿದಾಗ ಕೋಶ ಒಡೆದು ಅದು ಹುಳಿಗೆ ಸಿಕ್ಕಿ ನಿಧಾನವಾಗಿ ಲಿಮೋನಿನ್ ಎಂಬ ಕಹಿಯಾಗುತ್ತದೆ. ಕಿನ್ನೋ ರಸದಲ್ಲಿ ಈ ತೊಂದರೆ ಎದ್ದುಕಾಣುತ್ತದೆ. ಬೀಜ ಜಜ್ಜಬೇಡಿ, ಬಿಳಿನಾರು ತೆಗೆಯಿರಿ, ಹಿಂಡಿದ ಕೂಡಲೇ ಕುಡಿಯಿರಿ. ಚಕ್ಕೋತ ಮತ್ತು ಗ್ರೇಪ್‌ಫ್ರೂಟ್‌ಗಳ ನಾಲಿಗೆಗಿಟ್ಟ ಕೂಡಲೇ ತಾಗುವ ಕಹಿ ಬೇರೆ, ಅದು ನರಿಂಜಿನ್. ಕಿತ್ತಳೆಯಲ್ಲಿ ಅದರ ಜಾಗದಲ್ಲಿರುವ ಹೆಸ್ಪೆರಿಡಿನ್‌ಗೆ ರುಚಿಯೇ ಇಲ್ಲ.

ಮಾತ್ರೆ ನುಂಗುವವರು ಸಿಟ್ರಸ್ ತಿನ್ನಬಾರದು ಎನ್ನುತ್ತಾರೆ. ಕಿತ್ತಳೆಯೂ ಬಿಡಬೇಕೇ?

ಈ ಎಚ್ಚರಿಕೆ ಮುಖ್ಯವಾಗಿ ಗ್ರೇಪ್‌ಫ್ರೂಟ್‌ಗೆ ಸಂಬಂಧಿಸಿದ್ದು. ಅದರಲ್ಲಿರುವ ಫ್ಯುರನೊಕೂಮರಿನ್‌ಗಳು ಔಷಧವನ್ನು ಒಡೆಯುವ ಕಿಣ್ವವೊಂದನ್ನು ಕರುಳಿನಲ್ಲಿ ಕಟ್ಟಿಹಾಕುತ್ತವೆ. ಆಗ ರಕ್ತದಲ್ಲಿ ಔಷಧದ ಪ್ರಮಾಣ ಏರುತ್ತದೆ. ಕೊಲೆಸ್ಟರಾಲ್‌ನ ಕೆಲವು ಸ್ಟಾಟಿನ್‌ಗಳು, ರಕ್ತದೊತ್ತಡದ ಕೆಲವು ಮಾತ್ರೆಗಳು, ಅಂಗಾಂಗ ಕಸಿಯಾದವರ ಔಷಧಗಳು ಈ ಪಟ್ಟಿಯಲ್ಲಿವೆ. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದು ಅಂತರವಿಟ್ಟರೂ ತಪ್ಪುವುದಿಲ್ಲ, ಪರಿಣಾಮ ಒಂದು ದಿನ ಮೀರಿಯೂ ಇರುತ್ತದೆ. ಈ ಗುಣ ಚಕ್ಕೋತದ ಕಡೆಯದು. ಆದ್ದರಿಂದ ದೇವನಹಳ್ಳಿ ಚಕ್ಕೋತ ಇಷ್ಟಪಡುವವರು, ಕಹಿ ಕಿತ್ತಳೆಯ ಮಾರ್ಮಲೇಡ್ ತಿನ್ನುವವರು ವೈದ್ಯರನ್ನು ಕೇಳಿಕೊಳ್ಳಬೇಕು. ಸಾಮಾನ್ಯ ಕಿತ್ತಳೆ, ಮೋಸಂಬಿಗೆ ಈ ತೊಡಕು ಇಲ್ಲವೆಂದೇ ಪರಿಗಣಿಸುತ್ತಾರೆ.

ವಿಟಮಿನ್ ಸಿ ಯಾವುದರಲ್ಲಿ ಹೆಚ್ಚು?

ಕಿತ್ತಳೆಯಲ್ಲಲ್ಲ. 100 ಗ್ರಾಂಗೆ ಚಕ್ಕೋತದಲ್ಲಿ ಸುಮಾರು 60 ಮಿಲಿಗ್ರಾಂ, ಸಿಹಿ ಕಿತ್ತಳೆಯಲ್ಲಿ 50ರ ಮೇಲೆ, ಮ್ಯಾಂಡರಿನ್‌ನಲ್ಲಿ 27ರ ಆಸುಪಾಸು. ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ರಿಪ್ಟೊಕ್ಸಾಂಥಿನ್ ವಿಷಯದಲ್ಲಿ ಮಾತ್ರ ಮ್ಯಾಂಡರಿನ್ ಮುಂದಿದೆ. ನೆಲ್ಲಿಕಾಯಿಯನ್ನೂ ಸೀಬೆಯನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ಈ ಮೂರೂ ಸಪ್ಪೆ.

ಕುಂಡದಲ್ಲಿ ಬೆಳೆಯುವ ಪುಟ್ಟ ಕಿತ್ತಳೆ ಯಾವುದು?

ಹೆಚ್ಚಾಗಿ ಕ್ಯಾಲಮಾಂಡಿನ್. ಮ್ಯಾಂಡರಿನ್‌ಗೂ ಕುಮ್‌ಕ್ವಾಟ್ ಎಂಬ ಪುಟ್ಟ ಸಿಟ್ರಸ್ ಹಣ್ಣಿಗೂ ಹುಟ್ಟಿದ್ದು. ನೋಡಲು ಕಿತ್ತಳೆ, ಹಿಂಡಲು ನಿಂಬೆ.

ಸಿಪ್ಪೆಯನ್ನು ಎಸೆಯಬೇಕೇ?

ಗೊಜ್ಜು ಮಾಡಿ. ತೆಳುಸಿಪ್ಪೆಯ ಕಿತ್ತಳೆಯದೇ ಬೇಕು, ಮೋಸಂಬಿಯದು ಬೇಡ. ಒಳಗಿನ ಬಿಳಿಯನ್ನು ಚಮಚದಿಂದ ಕೆರೆದು ತೆಗೆದು, ಸಣ್ಣಗೆ ಹೆಚ್ಚಿ, ಒಗ್ಗರಣೆಯಲ್ಲಿ ಬಾಡಿಸಿ, ಹುಣಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಎಣ್ಣೆ ಬಿಡುವವರೆಗೆ ಕುದಿಸಬೇಕು. ಕಹಿ ಜಾಸ್ತಿಯೆನಿಸಿದರೆ ಹೆಚ್ಚಿದ ಸಿಪ್ಪೆಯನ್ನು ಮೊದಲು ಒಂದು ಕುದಿ ಬರಿಸಿ ನೀರು ಬಸಿಯಿರಿ. ಹೊಳೆಯುವ ಹಣ್ಣಾದರೆ ಮೇಲೆ ಮೇಣ ಇರುತ್ತದೆ, ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ.

ಉಳಿದ ಒಂದು ಚೂರನ್ನು ಮಕ್ಕಳ ಕೈಗೆ ಕೊಟ್ಟು ಬಲೂನಿನ ಹತ್ತಿರ ಹಿಂಡಲು ಹೇಳಿ. ಸಿಡಿದ ಎಣ್ಣೆಯಲ್ಲಿನ ಲಿಮೋನೀನ್ ರಬ್ಬರನ್ನು ಕರಗಿಸಿ ಬಲೂನು ಒಡೆಯುತ್ತದೆ. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಬಹಳ ಉರಿಯುತ್ತದೆ. ಅದೇ ಎಣ್ಣೆ ಬೆಂಕಿಯನ್ನೂ ಹಿಡಿಯುತ್ತದೆ, ಆದ್ದರಿಂದ ಆಟ ಒಲೆಯಿಂದ ದೂರ ಇರಲಿ.